ಸಂಬಳ ಅಲ್ಲೇ ಇದೆ, ಬಾಡಿಗೆ ಏರುತ್ತಲೇ ಇದೆ

ತುಮಕೂರಿನ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ನನ್ನದು. ಕೈಗೆ 15,200 ಬರುತ್ತದೆ. ಎರಡು ವರ್ಷದಲ್ಲಿ ಜಾಸ್ತಿಯಾಗಿದ್ದು 400 ರೂಪಾಯಿ. ಶಿರಾಗೇಟ್ ಹತ್ತಿರದ ಮನೆಗೆ ಬಾಡಿಗೆ 4,500 ಇತ್ತು, ಈಗ 6,000. ಮಗಳ ಫೀಸಿಗೆ ಹೆಂಡತಿ ಓಲೆ ಬಿಚ್ಚಿಕೊಟ್ಟಳು, ಅಡ ಇಟ್ಟಿದ್ದೇನೆ. ಅವಳ ಬರೀ ಕಿವಿ ನೋಡಿದರೆ ಸಂಕಟವಾಗುತ್ತದೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಉತ್ತರ 1: ಅಣ್ಣಾ, ಮೊದಲು ಸಂಬಳದ ಚೀಟಿ ನೋಡಿ. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಕೊಟ್ಟಿಲ್ಲ ಅಂದರೆ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಬಹುದು. ಒಬ್ಬರೇ ಹೋಗಬೇಡಿ. ನಾವು ಹತ್ತು ಜನ ಒಟ್ಟಿಗೆ ಕೇಳಿದ ಮೇಲೇ ಬಾಕಿ ಬಂತು.

ಉತ್ತರ 2: ಗೃಹಲಕ್ಷ್ಮಿಯ 2,000 ಬಂದರೆ ಓಲೆ ಬಿಡಿಸೋಕೇ ಇಡಿ. ರಾಗಿಯನ್ನು ಸುಗ್ಗಿಯಲ್ಲೇ ಮೂಟೆ ಲೆಕ್ಕದಲ್ಲಿ ತಗೊಳ್ಳಿ.

ಚೀಟಿ ನೋಡಿದೆ ಅಣ್ಣಾ. ತುಟ್ಟಿಭತ್ಯೆ ಹಳೇದೇ ಇದೆ. ಸೋಮವಾರ ಆರು ಜನ ಹೋಗುತ್ತಿದ್ದೇವೆ.