ಎಳ್ಳೆಣ್ಣೆ ರಿಪೋರ್ಟ್, ಮನೆ ಗುಂಪಿನ ಜಗಳ

ದೊಡ್ಡಪ್ಪ: (ಫೋಟೊ) ಮರದ ಗಾಣದ ಎಳ್ಳೆಣ್ಣೆ. ಲ್ಯಾಬ್ ರಿಪೋರ್ಟ್ ನೋಡಿ, ವಿಟಮಿನ್ ಇ 100 ಗ್ರಾಂಗೆ 68 ಮಿಲಿಗ್ರಾಂ! ಪ್ಯಾಕೆಟ್ ಸೂರ್ಯಕಾಂತಿಯಲ್ಲಿ 40 ಅಂತೆ. ಎಲ್ಲರಿಗೂ ಸೇರಿಸಿ 15 ಲೀಟರಿನ ಎರಡು ಡಬ್ಬ ಹೇಳಿದ್ದೇನೆ. ಯಾರಿಗೆ ಎಷ್ಟು ಅಂತ ಸಂಜೆಯೊಳಗೆ ಹೇಳಿ.

ಸುಮಾ ಅತ್ತೆ: ನನಗೆ 3 ಲೀಟರ್ ಅಣ್ಣ.

ಕಾವ್ಯ: ದೊಡ್ಡಪ್ಪ, ಒಂದು ನಿಮಿಷ. ಫೋಟೊದ ಕೆಳಗೆ ಸಣ್ಣಕ್ಷರ ನೋಡಿ. ‘ಬಣ್ಣದ ವಿಧಾನ, 520 ನ್ಯಾನೊಮೀಟರ್’ ಅಂತಿದೆ. ಎಳ್ಳೆಣ್ಣೆಗೆ ಆ ವಿಧಾನ ಹಾಕಿದರೆ ಅಂಕಿ ಉಬ್ಬುತ್ತದೆ.

ದೊಡ್ಡಪ್ಪ: ಲ್ಯಾಬಿನವರು ಸುಳ್ಳು ಹೇಳುತ್ತಾರಾ? ಸೀಲು, ಸಹಿ ಎಲ್ಲ ಇದೆಯಲ್ಲ.

ಕಾವ್ಯ: ಸುಳ್ಳಲ್ಲ. ಇದು 1938ರ ಎಮರಿ–ಎಂಗೆಲ್ ವಿಧಾನ. ಫೆರಿಕ್ ಕ್ಲೋರೈಡ್ ಅನ್ನುವ ಕಬ್ಬಿಣದ ಲವಣ, ಬೈಪಿರಿಡಿಲ್ ಹಾಕುತ್ತಾರೆ. ವಿಟಮಿನ್ ಇ ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಡುತ್ತದೆ, ದ್ರಾವಣ ಕೆಂಪಗಾಗುತ್ತದೆ. ಎಷ್ಟು ಕೆಂಪೋ ಅಷ್ಟು ವಿಟಮಿನ್ ಅಂತ ಲೆಕ್ಕ. ಆದರೆ ಎಳ್ಳಿನಲ್ಲಿ ಸೆಸಮಾಲ್ ಥರದ, ವಿಟಮಿನ್ ಇ ಅಲ್ಲದ ಬೇರೆ ವಸ್ತುಗಳೂ ಇವೆ. ಅವೂ ಎಲೆಕ್ಟ್ರಾನ್ ಕೊಡುತ್ತವೆ.

ರಘು: ಮದುವೆ ಮನೆ ಮುಯ್ಯಿ ಥರ. ಕವರ್ ಮೇಲೆ ಹೆಸರಿಲ್ಲ, ಒಟ್ಟು ದುಡ್ಡು ಮಾತ್ರ ಗೊತ್ತು 😄

ಕಾವ್ಯ: ಹ್ಞೂಂ, ಹೆಸರು ಓದುವುದಕ್ಕೆ ಎಚ್‌ಪಿಎಲ್‌ಸಿ ಬೇಕು, ಅಂದರೆ ಒಂದೊಂದು ವಸ್ತುವನ್ನೂ ಬೇರ್ಪಡಿಸಿ ಅಳೆಯುವ ಮಿಷನ್. ನಮ್ಮ ಲ್ಯಾಬಿನಲ್ಲಿ ಎಣ್ಣೆ ತೂಗಿ, ಹೆಕ್ಸೇನಿನಲ್ಲಿ ಕರಗಿಸಿ, ಬೆಳಕು ತಾಗದ ಕಂದು ಸೀಸೆಯಲ್ಲಿ ಇಡುತ್ತೇವೆ. ಸಿಲಿಕಾ ತುಂಬಿದ ಕೊಳವೆಗೆ (ಕಾಲಂ) ಬಿಟ್ಟರೆ ವಿಟಮಿನ್ ಇ ಬಗೆಗಳು ಬೇರೆಯಾಗುತ್ತವೆ: ಮೊದಲು ಆಲ್ಫಾ, ಆಮೇಲೆ ಬೀಟಾ, ಗ್ಯಾಮಾ, ಕೊನೆಗೆ ಡೆಲ್ಟಾ ಒಂದೊಂದೇ ಹೊರಬರುತ್ತವೆ. 295 ನ್ಯಾನೊಮೀಟರಿನ ಬೆಳಕು ಬಿಟ್ಟರೆ 330ರ ಹತ್ತಿರ ಹೊಳೆಯುತ್ತವೆ. ಗ್ರಾಫಿನಲ್ಲಿ ಒಂದೊಂದಕ್ಕೂ ಬೇರೆ ಗುಡ್ಡ. ಎಳ್ಳೆಣ್ಣೆಯ ಗ್ಯಾಮಾ ದೊಡ್ಡ ಬೆಟ್ಟ. ಆಲ್ಫಾ ಇರುವೆ ಗೂಡಿನಷ್ಟು, 100 ಗ್ರಾಂಗೆ ಒಂದೆರಡು ಮಿಲಿಗ್ರಾಂ. ಸೂರ್ಯಕಾಂತಿಯ ಆ 40 ಬಹುಪಾಲು ಆಲ್ಫಾನೇ.

ದೊಡ್ಡಪ್ಪ: ಗ್ಯಾಮಾ ವಿಟಮಿನ್ ಅಲ್ವಾ ಹಾಗಾದರೆ?

ರಘು: ಅಪ್ಪ, ಇಲ್ಲಿ ಅಮೆರಿಕದಲ್ಲಿ 2000ದಿಂದ ದಿನದ ಅಗತ್ಯಕ್ಕೆ ಆಲ್ಫಾ ಮಾತ್ರ ಲೆಕ್ಕ. ದೊಡ್ಡವರಿಗೆ 15 ಮಿಲಿಗ್ರಾಂ.

ಕಾವ್ಯ: ಹೊಟ್ಟೆಯಿಂದ ಎರಡೂ ಒಳಗೆ ಹೋಗುತ್ತವೆ. ಆದರೆ ಲಿವರ್ ಆಲ್ಫಾವನ್ನೇ ಆರಿಸಿ ರಕ್ತಕ್ಕೆ ಕಳಿಸುತ್ತದೆ.

ದೊಡ್ಡಪ್ಪ: ಅಂದರೆ ರಿಫೈನ್ಡ್ ಎಣ್ಣೆಯೇ ಅಮೃತ ಅಂತೀಯಾ? 200 ಡಿಗ್ರಿ ಮೇಲೆ ಕಾಯಿಸಿ ವಾಸನೆ ತೆಗೆದಿರುತ್ತಾರೆ ಕಣೇ ಪುಟ್ಟಿ!

ಕಾವ್ಯ: ಅದರಲ್ಲಿ ನೀವು ಸರಿ. ಆ ಆವಿಯ ಜೊತೆ ಒಂದಷ್ಟು ವಿಟಮಿನ್ ಇ ಹೋಗುತ್ತದೆ. ಅದನ್ನೇ ಹಿಡಿದು ಕ್ಯಾಪ್ಸೂಲ್‌ಗೂ ಬಳಸುತ್ತಾರೆ. ಹೋದ ಮೇಲೂ ಸೂರ್ಯಕಾಂತಿಯಲ್ಲಿ ಆಲ್ಫಾ ಜಾಸ್ತಿಯೇ ಉಳಿಯುತ್ತದೆ.

ಸುಮಾ ಅತ್ತೆ: ನಿನ್ನ ಮಿಷನ್ ತಪ್ಪೇ ಮಾಡಲ್ವಾ?

ಕಾವ್ಯ: ಮಿಷನ್ ಅಲ್ಲ ಅತ್ತೆ, ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಎಣ್ಣೆಗೆ ಕ್ಷಾರ ಹಾಕಿ ಬಿಸಿ ಮಾಡಿ, ಸೋಪಾಗದೆ ಉಳಿದದ್ದರಲ್ಲಿ ಅಳೆಯುವ ವಿಧಾನವೂ ಇದೆ. ಮೊದಲು ವಿಟಮಿನ್ ಸಿ ಹಾಕಬೇಕು, ಇಲ್ಲದಿದ್ದರೆ ಕ್ಷಾರದಲ್ಲಿ ವಿಟಮಿನ್ ಇ ಕೆಡುತ್ತದೆ. ಮರೆತೆ. ಸೂರ್ಯಕಾಂತಿ ಎಣ್ಣೆಯಲ್ಲಿ ಆಲ್ಫಾ ಗುಡ್ಡವೇ ಮಾಯ! ಮೇಡಂ ಗ್ರಾಫ್ ನೋಡಿ ‘ಇದು ಎಣ್ಣೆನಾ, ನೀರಾ?’ ಅಂದರು.

ಸುಮಾ ಅತ್ತೆ: 😂 ನನಗೆ ವಿಟಮಿನ್ ಲೆಕ್ಕ ಬೇಡ ಕಣೇ. ಚಟ್ನಿಪುಡಿಗೆ, ಉಪ್ಪಿನಕಾಯಿಗೆ ಎಳ್ಳೆಣ್ಣೆಯೇ ಆಗಬೇಕು. ತಿಂಗಳುಗಟ್ಟಲೆ ಇಟ್ಟರೂ ಕಮಟು ವಾಸನೆ ಬರಲ್ಲ.

ಕಾವ್ಯ: ಅದೂ ಸೆಸಮಾಲ್, ಗ್ಯಾಮಾಗಳದ್ದೇ ಕೆಲಸ ಅತ್ತೆ.

ದೊಡ್ಡಪ್ಪ: ನೋಡಿದೆಯಾ! ಇಷ್ಟು ಹೊತ್ತು ಬೈದು ಈಗ ನೀನೇ ಹೊಗಳಿದೆ.

ಕಾವ್ಯ: ಎಣ್ಣೆ ಬೇಡ ಅಂದೆನಾ? 68 ಅನ್ನೋದನ್ನ ನಂಬಬೇಡಿ ಅಂದೆ. ಆಲ್ಫಾ ಎಷ್ಟು, ಗ್ರಾಫ್ ಇದೆಯಾ ಅಂತ ಗಾಣದವರನ್ನೇ ಕೇಳಿ.

ದೊಡ್ಡಪ್ಪ: ಕೇಳಿದೆ. ‘ಗ್ರಾಫ್ ಎಲ್ಲ ಇಲ್ಲ ಸಾರ್. ಬೇಕಾದ್ರೆ ಎರಡು ಕೆಜಿ ಹಿಂಡಿ ಫ್ರೀ ಹಾಕ್ತೀನಿ’ ಅಂದ.

ರಘು: ಹಿಂಡಿ ಯಾರಿಗೆ ಅಪ್ಪ? ಹಸು ಮಾರಿ ಹತ್ತು ವರ್ಷ ಆಯ್ತಲ್ಲ.