ಮುದುರಿದ ನೋಟು ಮತ್ತು ಮೇಲಿನ ಗುಡ್ಡ

(ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಒಂದು ಸಂಜೆ. ಹೆಸರುಗಳ ಬದಲು ಸಂಬಂಧಗಳನ್ನು ಹಾಕಿದ್ದೇನೆ. ನಡುನಡುವೆ ಬಂದ ಶುಭಸಂಜೆಯ ಗುಲಾಬಿಗಳನ್ನು ತೆಗೆದಿದ್ದೇನೆ.)

ದೊಡ್ಡಪ್ಪ, ಬೆಂಗಳೂರು: (ಹಲವು ಬಾರಿ ಫಾರ್ವರ್ಡ್ ಆದದ್ದು) ಗುರುಗಳು ಐನೂರರ ನೋಟನ್ನು ಮುದುರಿ, ಕಾಲಡಿ ಹಾಕಿ ತುಳಿದು, ಈಗಲೂ ಇದು ಯಾರಿಗೆ ಬೇಕು ಎಂದು ಕೇಳಿದರು. ಎಲ್ಲರೂ ಕೈಯೆತ್ತಿದರು. ನಿಮ್ಮ ಮೌಲ್ಯವೂ ಹಾಗೆಯೇ, ಎಷ್ಟು ತುಳಿದರೂ ಕಡಿಮೆಯಾಗದು. ಹತ್ತು ಜನರಿಗೆ ಕಳುಹಿಸಿ.

ನಾನು: ದೊಡ್ಡಪ್ಪ, ಹಳೆಯ ಐನೂರರ ನೋಟು ರದ್ದಾದ 2016ರ ನವೆಂಬರ್ 8ರ ನಡುರಾತ್ರಿಯ ಮೇಲೆ ಈ ಪಾಠ ಮಾಡಿದ್ದರೆ ಕೈಗಳು ಅಷ್ಟು ಸಲೀಸಾಗಿ ಏಳುತ್ತಿರಲಿಲ್ಲ. ಇಸ್ತ್ರಿ ಹಾಕಿದ ನೋಟಿಗೂ ಅಂದು ಅದೇ ಗತಿ. ನೋಟಿನ ಬೆಲೆ ನೋಟಿನೊಳಗಿಲ್ಲ, ಕೊಡುವವರು ತೆಗೆದುಕೊಳ್ಳುವವರು ಒಪ್ಪಿರುವಷ್ಟು ದಿನ ಮಾತ್ರ ಅದು. ಮನುಷ್ಯನೂ ಹಾಗೆಯೇ ಎಂದರೆ ಊರು ಒಪ್ಪದವನಿಗೆ ಮೌಲ್ಯವೇ ಇಲ್ಲ ಎಂದಾಯಿತು. ಗುರುಗಳು ಹೇಳಹೊರಟದ್ದು ಅದನ್ನಲ್ಲವಲ್ಲ?

ಪೆರ್ಲದ ಭಾವ: ಶುರುವಾಯಿತು ಕ್ಲಾಸು. ಭಾವ, ನಾನು ಅಡಿಕೆ ವ್ಯಾಪಾರದವನು. ಒಂದೇ ಮರದ್ದಾದರೂ ಹಳೆಯ ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ಒಂದು ದರ, ಹೊಸದಕ್ಕೆ ಇನ್ನೊಂದು. ಬೇಕು ಎನ್ನುವವನು ಇಲ್ಲದಿದ್ದರೆ ಎರಡೂ ಅಂಗಳದ ಕಸ. ಬೆಲೆ ಮಡಿಯುಟ್ಟರೆ ಅದನ್ನೇ ನೀವು ಮೌಲ್ಯ ಎನ್ನುತ್ತೀರಿ.

ನಾನು: ವಾಕ್ಯ ಚೆನ್ನಾಗಿದೆ, ಭಾವ, ಒಪ್ಪುವುದು ಕಷ್ಟ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲೇ ಈ ಗಂಟನ್ನು ಮುಂದಿಟ್ಟ. ನೀರಿನಷ್ಟು ಉಪಯೋಗದ್ದು ಇನ್ನೊಂದಿಲ್ಲ, ಅದನ್ನು ಕೊಟ್ಟು ಏನನ್ನೂ ಕೊಳ್ಳಲಾಗದು. ವಜ್ರದಿಂದ ಉಪಯೋಗ ಅಷ್ಟಕ್ಕಷ್ಟೇ, ಅದನ್ನು ಕೊಟ್ಟರೆ ಬೇಕಾದ್ದು ಸಿಗುತ್ತದೆ.

ಅಪ್ಪಚ್ಚಿ (ಚಿಕ್ಕಪ್ಪ): ನೀರಿನ ಮಾತು ತಾನಾಗಿ ಬಂತು. ಮೊನ್ನೆ ದಲ್ಲಾಳಿ ಬಂದಿದ್ದ. ಮೇಲಿನ ಗುಡ್ಡ ಬೇಕಂತೆ. ಅಲ್ಲಿನ ನಮ್ಮ ನೀರಿನ ಸುರಂಗವನ್ನು ಮುಚ್ಚುತ್ತಾರಂತೆ. ಅಣ್ಣನಿಗೆ ಫೋನಿನಲ್ಲಿ ಹೇಳಿದ ಮರುದಿನವೇ ಈ ನೋಟಿನ ಕಥೆ ಬಂದಿದೆ.

ದೊಡ್ಡಪ್ಪ: ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಕೇಳುತ್ತೇನೆ, ಕೊಳವೆಬಾವಿ ಇರುವಾಗ ಸುರಂಗ ಯಾವುದಕ್ಕೆ?

ಚಿಕ್ಕಮ್ಮ: ಕರೆಂಟು ಹೋದಾಗ ಬಂದು ನೋಡಿ, ಭಾವ.

ನಾನು: ಮುರಕಲ್ಲಿನೊಳಗೆ ಅಜ್ಜ ಪಿಕ್ಕಾಸು ಹಿಡಿದು ಕೊರೆದದ್ದು ಅದು. ದೀಪ ಆರಿತೆಂದರೆ ಒಳಗೆ ಗಾಳಿಯಿಲ್ಲ ಎಂದು ಹೊರಗೆ ಬರುತ್ತಿದ್ದರಂತೆ. ಪಂಪು ಬೇಡ, ಹಗ್ಗ ಬೇಡ, ನೀರು ತಾನಾಗಿ ಇಳಿದು ಬರುತ್ತದೆ. 1903ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಜಿ. ಇ. ಮೂರ್ ಹೇಳಿದ ಒಂದು ಪರೀಕ್ಷೆ ಇದೆ. ಎರಡು ಲೋಕಗಳನ್ನು ಊಹಿಸಿಕೊಳ್ಳಿ, ಒಂದು ಸುಂದರ, ಇನ್ನೊಂದು ಕೊಳಕಿನ ರಾಶಿ. ಎರಡನ್ನೂ ಯಾರೂ ಎಂದಿಗೂ ನೋಡುವುದಿಲ್ಲ. ಆದರೂ ಸುಂದರವಾದದ್ದು ಇರುವುದೇ ಮೇಲು ಎಂದ.

ಪೆರ್ಲದ ಭಾವ: ಯಾರೂ ನೋಡದ ಲೋಕಕ್ಕೆ ಮೇಲೇನು, ಕೆಳಗೇನು? ಅಜ್ಜ ಅಗೆದದ್ದು ನಮಗೆ ಗೊತ್ತಿರುವುದರಿಂದ ನಿಮಗೆ ಕರುಳು ಚುರುಕ್ ಎನ್ನುತ್ತದೆ. ಪಕ್ಕದ ಮನೆಯ ಸುರಂಗವಾಗಿದ್ದರೆ ಈ ಮೂರ್ ನೆನಪಾಗುತ್ತಿರಲಿಲ್ಲ.

ನಾನು: (ಇದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು) ಅದು ಸರಿಯಾದ ಏಟು. ಮೂರ್‌ನನ್ನು ಬಿಡುತ್ತೇನೆ. ಅಮೆರಿಕದ ತತ್ವಜ್ಞಾನಿ ಕ್ರಿಸ್ಟೀನ್ ಕೋರ್ಸ್‌ಗಾರ್ಡ್ 1983ರಲ್ಲಿ ಎರಡು ಪ್ರಶ್ನೆಗಳನ್ನು ಬಿಡಿಸಿಟ್ಟರು. ಮೌಲ್ಯ ಎಲ್ಲಿಂದ ಬಂತು ಎಂಬುದು ಒಂದು. ನಾವು ಅದನ್ನು ಅದಕ್ಕಾಗಿಯೇ ಬಯಸುತ್ತೇವೆಯೋ, ಇನ್ನೊಂದಕ್ಕೆ ಏಣಿಯಾಗಿಯೋ ಎಂಬುದು ಬೇರೆ. ಸುರಂಗದ ಮೌಲ್ಯ ಅಜ್ಜನಿಂದ, ಅಂದರೆ ಹೊರಗಿನಿಂದಲೇ ಬಂದಿರಲಿ. ಅಷ್ಟಕ್ಕೇ ಅದು ಬರಿಯ ನಲ್ಲಿಯಾಗುವುದಿಲ್ಲ.

ದೊಡ್ಡಪ್ಪ: ನಮ್ಮಲ್ಲಿಯೂ ಇದೆಲ್ಲ ಇದೆ. ಮೈಸೂರಿನ ತತ್ವಶಾಸ್ತ್ರದ ವಿದ್ವಾಂಸ ಎಂ. ಹಿರಿಯಣ್ಣನವರು ಪುರುಷಾರ್ಥ ಎಂದರೆ ಮೌಲ್ಯ ಎಂದರು. ನಾಲ್ಕರಲ್ಲಿ ಅರ್ಥವೂ ಒಂದು. ಹಣದ ಮಾತೆತ್ತಿದರೆ ಅಪರಾಧವೇ?

ನಾನು: ಅರ್ಥ ಸಾಧನ ಮಾತ್ರ, ಅದು ಬೇರೆಯದಕ್ಕೆ ದಾರಿ ಎಂದೂ ಅವರೇ ಹೇಳಿದ್ದಾರೆ. ಬೆಲೆಯಿರುವುದರ ಜಾಗದಲ್ಲಿ ಸಮನಾದ ಇನ್ನೊಂದನ್ನು ಇಡಬಹುದು, ಹಾಗೆ ಇಡಲಾಗದ್ದಕ್ಕೆ ಘನತೆ ಇದೆ ಎಂದು 1785ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್...

ಚಿಕ್ಕಮ್ಮ: ಸುರಂಗಕ್ಕೆ ಆ ಮಾತು ದೊಡ್ಡದಾಯಿತು. ಅದು ಮನುಷ್ಯರಿಗೆ ಇರಲಿ. ಕಾಸರಗೋಡಿನ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲವನ್ನು ಕಂಡವಳು ನಾನು. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದಿತು. ಒಂದು ಮಗುವಿನ ತಲೆ ನೆಟ್ಟಗೆ ನಿಲ್ಲದಿರುವುದಕ್ಕೆ 5 ಲಕ್ಷ ಸಮವೇ?

ಪೆರ್ಲದ ಭಾವ: ಹಾಗಾದರೆ ಕೊಡಬಾರದಿತ್ತೇ, ಅತ್ತೆ?

ಚಿಕ್ಕಮ್ಮ: ಕೊಡಲೇಬೇಕಿತ್ತು, ಎಷ್ಟೋ ಮೊದಲೇ ಕೊಡಬೇಕಿತ್ತು. ಆ ತಾಯಂದಿರಿಗೆ ಔಷಧಿಯ ಖರ್ಚಿದೆ. ಕೊಟ್ಟಾಯಿತಲ್ಲ, ಇನ್ನೇನು ಎಂದು ಕೇಳುವವರ ಮೇಲೆ ನನ್ನ ಸಿಟ್ಟು.

ನಾನು: ಕಾಂಟ್‌ನ ವಾಕ್ಯವನ್ನು ಪೂರ್ತಿ ಮಾಡುವ ಅಗತ್ಯ ಕಾಣುತ್ತಿಲ್ಲ. ದೊಡ್ಡಪ್ಪ, ಅರ್ಥ ದಾರಿ ಎಂದಾದರೆ ಎಲ್ಲಿಗೆ ದಾರಿ? ಗುಡ್ಡದ ಹಣ ಯಾವುದಕ್ಕೆ?

ದೊಡ್ಡಪ್ಪ: ಮೊಮ್ಮಗಳ ಕಾಲೇಜಿನ ಫೀಸಿಗೆ. ಮಗನ ಕೆಲಸ ಹೋಗಿ ಐದು ತಿಂಗಳಾಯಿತು. ನಿಮಗೆ ಯಾರಿಗೂ ಹೇಳಿರಲಿಲ್ಲ.

(ಅರ್ಧ ಗಂಟೆ ಯಾರೂ ಬರೆಯಲಿಲ್ಲ. ತುಳಿಸಿಕೊಂಡ ನೋಟಿನ ಕಥೆಯನ್ನು ಅವರು ಯಾರಿಗಾಗಿ ಕಳುಹಿಸಿದ್ದರು ಎಂದು ಆಗ ಹೊಳೆಯಿತು. ನನ್ನ ಮೊದಲ ಸಂದೇಶವನ್ನು ಅಳಿಸೋಣವೆಂದರೆ ಆಗಲೇ ಎಲ್ಲರೂ ಓದಿಯಾಗಿತ್ತು.)

ಅಪ್ಪಚ್ಚಿ: ಅಣ್ಣ, ಇದನ್ನು ಮೊದಲೇ ಹೇಳಬಾರದಿತ್ತೇ? ಸುರಂಗದ ಬಾಯಿ ಬಿಟ್ಟು ಉಳಿದದ್ದನ್ನು ಕೊಡಬಹುದೇ ಎಂದು ದಲ್ಲಾಳಿಯನ್ನು ಕೇಳುತ್ತೇನೆ.

ಪೆರ್ಲದ ಭಾವ: ಬಾಯಿ ಮಾತ್ರ ಉಳಿದರೆ ಸಾಲದು, ಮಾವ. ಕೊಂಡವನು ಮೇಲೆ ಗುಡ್ಡ ಸಮತಟ್ಟು ಮಾಡಿ ಕೊಳವೆಬಾವಿ ಕೊರೆದರೆ ಕೆಳಗೆ ಹನಿಯೂ ಬಾರದು. ಗುಡ್ಡ ಸದ್ಯಕ್ಕೆ ಇರಲಿ. ನನ್ನಲ್ಲಿ ಹಳೆಯ ಚಾಲಿ ಸ್ವಲ್ಪ ಇದೆ. ದರ ನೋಡುತ್ತಾ ಕುಳಿತಿದ್ದೆ, ಈ ವಾರ ಕೊಟ್ಟುಬಿಡುತ್ತೇನೆ. ದೊಡ್ಡಮಾವ, ಫೀಸು ಎಷ್ಟು, ಕೊನೆಯ ದಿನ ಯಾವಾಗ ಎಂದು ನನಗೆ ಬೇರೆಯಾಗಿ ಬರೆಯಿರಿ.

ಚಿಕ್ಕಮ್ಮ: ಸುರಂಗದೊಳಗೆ ಮಣ್ಣು ಕುಸಿದು ನೀರು ಸಣ್ಣಗಾಗಿದೆ. ಭಾನುವಾರ ಬರುವವರು ಹಾರೆ, ಬುಟ್ಟಿ ತನ್ನಿ. ಊಟಕ್ಕೆ ಎಷ್ಟು ಜನ ಎಂದು ಶನಿವಾರದೊಳಗೆ ಹೇಳಿ.