ಯೂನಿವರ್ಸಿಟಿ ಡೇಟಾಗೆ ಎಷ್ಟು ಹಂತ? ಮಾಡಿದವರು ಹೇಳಿ

ಪ್ರಶ್ನೆ: ಎಲ್ಲ ವಿಭಾಗಗಳ ಫೈಲುಗಳನ್ನು ಗೌಪ್ಯತೆಯ ಪ್ರಕಾರ ವರ್ಗೀಕರಿಸುವ ಕೆಲಸ ನನ್ನ ತಲೆಗೆ ಬಂದಿದೆ. ಮೂರು ಹಂತ ಸಾಕಾ, ನಾಲ್ಕು ಬೇಕಾ? ಲೇಬಲ್ ಹಾಕೋದು ಯಾರು?

ಕಡತಪಾಲಕ: ನಾಲ್ಕು. ಸಾರ್ವಜನಿಕ, ಆಂತರಿಕ, ಗೌಪ್ಯ, ನಿರ್ಬಂಧಿತ. ಮೂರೇ ಇಟ್ಟರೆ ಹಾಜರಿ ಪಟ್ಟಿಯೂ ಆಪ್ತಸಮಾಲೋಚನೆಯ ಟಿಪ್ಪಣಿಯೂ ಒಂದೇ ಕಡೆ ಬೀಳುತ್ತವೆ. ಹಾಜರಿಗೂ ಎನ್‌ಕ್ರಿಪ್ಷನ್ ಹೇರಿದರೆ ಮೇಷ್ಟ್ರುಗಳು ಸ್ವಂತ ಇಮೇಲಿಗೆ ಕಳಿಸಿಕೊಂಡು ಕೆಲಸ ಮುಗಿಸುತ್ತಾರೆ. ಲೇಬಲ್ ಡೇಟಾದ ಹೊಣೆ ಹೊತ್ತವರದು: ಅಂಕಕ್ಕೆ ಪರೀಕ್ಷಾ ವಿಭಾಗ, ಸಂಬಳಕ್ಕೆ ಲೆಕ್ಕಪತ್ರ ವಿಭಾಗ. ಐಟಿಯವರು ಬೀಗ ಹಾಕಿದರೆ ಸಾಕು.

ಸರ್ವರ್‌ಮನೆ: 'ಸಾಕು' ಅನ್ನೋದು ಸುಲಭ ಸ್ವಾಮಿ. ಹೊಣೆಗಾರರು ಎಲ್ಲದಕ್ಕೂ 'ಗೌಪ್ಯ' ಒತ್ತಿ ಕೈತೊಳ್ಕೊತಾರೆ. ಫೈಲೊಳಗಿನ ಸೂಕ್ಷ್ಮ ಮಾಹಿತಿ ಹುಡುಕುವ ಸ್ಕ್ಯಾನರ್ ಸಾಫ್ಟ್‌ವೇರ್ ಓಡಿಸಿ. ಆದರೆ ಬರೀ 16 ಅಂಕಿ ಹುಡುಕಿಸಿದರೆ ಯಾವುದೋ ರಸೀದಿ ಸಂಖ್ಯೆಯೂ ಕಾರ್ಡ್ ನಂಬರ್ ಅಂತ ಬರುತ್ತೆ. ಕಾರ್ಡ್ ನಂಬರಿನ ಕೊನೆಯ ಅಂಕಿ ಲೆಕ್ಕಕ್ಕೆ ತಾಳೆಯಾಗುತ್ತಾ ಅಂತ ನೋಡುವ ಲೂನ್ ಚೆಕ್ ಸೇರಿಸಿದರೂ ಹತ್ತಕ್ಕೊಂದು ನುಸುಳುತ್ತೆ. ಒಂದೊಂದನ್ನೂ ತೆರೆದು ನೋಡೋಕೆ ಆಳು ಬೇಕು, ಆ ಖರ್ಚು ಯಾರ ಬಜೆಟ್ಟಲ್ಲೂ ಇರಲ್ಲ. ಓಸಿಆರ್ ಆಗದ, ಅಂದರೆ ಚಿತ್ರದಲ್ಲಿನ ಅಕ್ಷರ ಪಠ್ಯವಾಗಿ ಬದಲಾಗದ ಪಿಡಿಎಫ್ ಅಂತೂ ಸ್ಕ್ಯಾನರ್‌ಗೆ ಕಾಣೋದೇ ಇಲ್ಲ.

ಸಂಶೋಧನಾಕೋಶ: ಸಂಶೋಧನೆಯ ಡೇಟಾ ಇಬ್ಬರಿಗೂ ನೆನಪೇ ಆಗಲಿಲ್ಲ. ಹೆಸರು ತೆಗೆದು ನೋಂದಣಿ ಸಂಖ್ಯೆಯನ್ನು ಎಸ್‌ಎಚ್‌ಎ-256 ಹ್ಯಾಶ್ ಮಾಡಿ (ಸೂತ್ರದಿಂದ ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಸಂಕೇತವಾಗಿಸಿ) 'ಅನಾಮಿಕ' ಅಂತ ಹಂಚುವವರಿದ್ದಾರೆ. 7 ಅಂಕಿಯ ನೋಂದಣಿ ಸಂಖ್ಯೆಗೆ ಇರೋದೇ ಒಂದು ಕೋಟಿ ಸಾಧ್ಯತೆ. ಮಾಮೂಲಿ ಲ್ಯಾಪ್‌ಟಾಪ್ ಅಷ್ಟನ್ನೂ ಕ್ಷಣಗಳಲ್ಲಿ ಹ್ಯಾಶ್ ಮಾಡಿ ಹೋಲಿಸುತ್ತೆ. ಮೂಲಕ್ಕೆ ಸಂಬಂಧವೇ ಇಲ್ಲದ ಸಂಕೇತ ಕೊಡಿ. ಯಾವುದು ಯಾರದು ಅನ್ನುವ ಪಟ್ಟಿ ಬೇರೆ ಸರ್ವರಿನಲ್ಲಿ, ನಿರ್ಬಂಧಿತವಾಗಿರಲಿ. ಆಮೇಲೂ ಜನ್ಮದಿನಾಂಕ, ಲಿಂಗ, ಅಂಚೆ ಕೋಡ್ ಉಳಿದಿದ್ದರೆ ಕಥೆ ಮುಗೀತು. ಈ ಮೂರರಿಂದಲೇ ಅಮೆರಿಕದ ಸುಮಾರು 87% ಜನರನ್ನು ಗುರುತಿಸಬಹುದು ಅಂತ ಡೇಟಾ ಗೌಪ್ಯತೆಯ ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲೇ ಲೆಕ್ಕ ಹಾಕಿದ್ದರು.

ಕಡತಪಾಲಕ: ಅದಕ್ಕೆ ನೈತಿಕ ಸಮಿತಿ ಇದೆಯಲ್ಲ. ಇಲ್ಲಿ ಕೇಳಿದ್ದು ಹಂತ ಎಷ್ಟು ಅಂತ.

ಸಂಶೋಧನಾಕೋಶ: ಸಮಿತಿ ಅನುಮತಿ ಕೊಡುತ್ತೆ, ಫೋಲ್ಡರ್ ತೆರೆದು ನೋಡಲ್ಲ. ನಿಮ್ಮ ನಾಲ್ಕು ಹಂತ ಗೋಡೆಗೆ ಅಂಟಿಸೋಕೆ ಚೆನ್ನಾಗಿದೆ.

ಸರ್ವರ್‌ಮನೆ: ನೀವಿಬ್ಬರೂ ಕಿತ್ತಾಡ್ತಿರಿ. ಸೋರಿಕೆ ಆಗೋದು ಎಕ್ಸೆಲ್‌ನಲ್ಲಿ. ಮೂಲ ಶೀಟ್ ಅಳಿಸಿ ಪಿವಟ್ ಟೇಬಲ್ (ಮೊತ್ತಗಳ ಸಾರಾಂಶ ಪಟ್ಟಿ) ಮಾತ್ರ ಕಳಿಸಿದರೂ ಅದರ ಕ್ಯಾಶ್‌ನಲ್ಲಿ (ಒಳಗೆ ಉಳಿಯುವ ನಕಲಿನಲ್ಲಿ) ಇಡೀ ಪಟ್ಟಿ ಕೂತಿರುತ್ತೆ. ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಲುಗಳು ಎದ್ದು ಬರುತ್ತವೆ. ಬರೀ ಪಠ್ಯವಿರುವ ಸಿಎಸ್‌ವಿ ಫೈಲು ಕೊಡಿ.

ಅಂಕಪಟ್ಟಿ: ಸಿಎಸ್‌ವಿ ಅಂತೆ! ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ನೋಂದಣಿ ಸಂಖ್ಯೆಯ ಮುಂದಿನ ಸೊನ್ನೆ ಮಾಯ. ಸೇವ್ ಮಾಡಿದರೆ ಅಂಕ ಯಾರದೋ ಲೆಕ್ಕಕ್ಕೆ.

ಸರ್ವರ್‌ಮನೆ: ಡಬಲ್ ಕ್ಲಿಕ್ ಮಾಡಿ ತೆರೆದರೆ ಹಾಗೇ. ಡೇಟಾ ಟ್ಯಾಬಿಂದ ಇಂಪೋರ್ಟ್ ಮಾಡಿ, ಆ ಕಾಲಂಗೆ 'ಟೆಕ್ಸ್ಟ್' ಆರಿಸಿ.